ಎಡಗೈಯ ಬಾವುಟ

"ಗೋಡೆ ಅಂದ್ರೆ ಇಡೀ ಗೋಡೆನಾ?" ಎಂದು ಗೇಟಮ್ಮ ಎರಡನೆಯ ಸಲ ಕೇಳಿದಳು.

"ಇಡೀ ಗೋಡೆ. ಆದರೆ ಇದೊಂದೇ, ದಕ್ಷಿಣದ್ದು," ಎಂದರು ಚಿತ್ರದ ಯಜಮಾನರು. ಬಿಳಿ ಟೋಪಿ ತೆಗೆದು ಹಣೆ ಒರೆಸಿಕೊಂಡರು. "ನಿಮ್ಮನೆ ಒಳಗೆ ಬೆಳಕೇ ಇಲ್ಲಮ್ಮ. ಬಿಸಿಲಿಲ್ಲದೆ ನಮ್ಮ ಚಿತ್ರ ತೆಗೆಯೋ ಪೆಟ್ಟಿಗೆಗೆ ಏನೂ ಕಾಣಲ್ಲ. ಕೆಲಸ ಮುಗಿದ ಮೇಲೆ ಮೊದಲಿನ ಹಾಗೇ ಕಟ್ಟಿಸಿಕೊಡ್ತೀವಿ. ರೈಲ್ವೆಯವರು ಒಪ್ಪಿದಾರೆ."

ರೈಲ್ವೆಯವರು ಒಪ್ಪಿದ ಮೇಲೆ ಅವಳು ಒಪ್ಪುವುದು ಬಿಡುವುದು ಏನಿತ್ತು? ಮನೆ ರೈಲ್ವೆಯದು, ಗೋಡೆ ರೈಲ್ವೆಯದು, ಗಂಡನ ತೋಳಿಗೆ ಕಟ್ಟಿದ ಹಿತ್ತಾಳೆ ಬಿಲ್ಲೆಯೂ ರೈಲ್ವೆಯದೇ. ಒಂದು ಕೋಣೆ, ಒಂದು ಒಲೆ, ಹಿಂದೆ ಒಂದು ಬಾವಿ. ಕೆಲಸ ಇರುವ ತನಕ ಇರಬಹುದು. ಕೆಲಸ ಹೋದ ದಿನ ಪಾತ್ರೆಪಡಗ ಹೊತ್ತುಕೊಂಡು ಹೊರಡಬೇಕು. ಹೊರಟು ಎಲ್ಲಿಗೆ ಎಂಬುದನ್ನು ಅವಳು ಯೋಚಿಸುತ್ತಲೇ ಇರಲಿಲ್ಲ, ಯಾಕೆಂದರೆ ಯೋಚಿಸಿದರೆ ಮುಂದೆ ಏನೂ ತೋಚುತ್ತಿರಲಿಲ್ಲ.

"ಚಿತ್ರದಲ್ಲಿ ಇದ್ದದ್ದನ್ನ ಇದ್ದ ಹಾಗೇ ತೋರಿಸ್ತೀವಿ ಅಂದ್ರಲ್ಲ," ಎಂದು ಒಳಗಿನಿಂದ ಅವಳ ಗಂಡ ಕೂಗಿ ಹೇಳಿದ. "ಅದಕ್ಕೆ ಇದ್ದ ಗೋಡೆನೇ ಕೆಡವಬೇಕಾ ಸ್ವಾಮಿ?"

ಯಜಮಾನರು ಮನಸಾರೆ ನಕ್ಕರು. ಅವರು ಕೆಟ್ಟವರಲ್ಲ. ವೇಷಗಾರರಿಲ್ಲದೆ, ರಾಜ ರಾಣಿಯರಿಲ್ಲದೆ, ಒಬ್ಬ ಕೆಲಸಗಾರನ ದಿನವನ್ನು ಅರ್ಧ ಗಂಟೆ ಪರದೆಯ ಮೇಲೆ ತೋರಿಸಬೇಕು ಎಂಬ ಹುಚ್ಚು ಅವರಿಗೆ. ಅಂಥ ಚಿತ್ರವನ್ನು ಆ ಕಾಲದಲ್ಲಿ ಆ ಕಡೆ ಯಾರೂ ನೋಡಿರಲಿಲ್ಲ. ಹಣ ರೈಲ್ವೆಯವರದು. ಆಳನ್ನು ಆರಿಸಿಕೊಟ್ಟವರೂ ಅವರೇ: ಇಪ್ಪತ್ತೆರಡು ವರ್ಷ ಒಂದೇ ಗೇಟಿನಲ್ಲಿದ್ದು, ಕಡತದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದ ಮನುಷ್ಯ. ಗಾಡಿ ಹೊಡೆಯುವವರು ಅವನಿಗೆ ಗೇಟಪ್ಪ ಎಂದು ಹೆಸರಿಟ್ಟಿದ್ದರು. ಅವನನ್ನು ಕಟ್ಟಿಕೊಂಡ ತಪ್ಪಿಗೆ ಅವಳು ಗೇಟಮ್ಮ.

ಕಡತಕ್ಕೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಗೇಟಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಮೊದಲು ಸಂಜೆಯ ಹೊತ್ತು ದಾರಿ ಮಸುಕಾಯಿತು. ಆಮೇಲೆ ಮಧ್ಯಾಹ್ನವೂ ಸಂಜೆಯಾಯಿತು. ಈಗ ಎರಡು ವರ್ಷದಿಂದ ಪೂರ್ತಿ. ಕಿವಿ ಮಾತ್ರ ಇನ್ನಷ್ಟು ಚುರುಕಾಗಿತ್ತು. ಕಂಬಿಗೆ ಅಂಗಾಲು ತಾಗಿಸಿ ನಿಂತರೆ ಬರುವುದು ಸರಕು ಗಾಡಿಯೋ ಪ್ಯಾಸೆಂಜರೋ ಎಂದು ಹೇಳುತ್ತಿದ್ದ. ಚಕ್ರ ತಿರುಗಿಸಿ ಗೇಟು ಇಳಿಸುವುದು ಅವನ ಕೆಲಸ. ದಾರಿಯಲ್ಲಿ ಗಾಡಿ ಸಿಕ್ಕಿದೆಯೋ, ದನ ನಿಂತಿದೆಯೋ ನೋಡುವುದು ಅವಳ ಕೆಲಸ. ಅವನು ಬಲಗೈಯಲ್ಲಿ ಹಸಿರು ಬಾವುಟ, ಎಡಗೈಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದ. ಎಂದೂ ಅದಲು ಬದಲು ಆಗಬಾರದು. ಅವಳು ಹಿಂದೆ ನಿಂತು, ದಾರಿ ಸರಿ ಇದ್ದರೆ ಬಲ ಭುಜ ಮುಟ್ಟುವಳು, ಏನಾದರೂ ಅಡ್ಡ ಇದ್ದರೆ ಎಡ ಭುಜ. ಮುಟ್ಟಿದ ಕಡೆಯ ಕೈ ಮೇಲೇಳುತ್ತಿತ್ತು. ಇನ್‌ಸ್ಪೆಕ್ಟರು ಬಂದರೆ ಮೊಣಕೈ ಜಿಗುಟುವಳು. ಆಗ ಅವನು ಬಿಸಿಲು ಹೊಡೆದವನಂತೆ ಕಣ್ಣಿಗೆ ಕೈ ಅಡ್ಡ ಹಿಡಿದು ಮಾತಾಡಬೇಕು. ಎರಡು ವರ್ಷದಿಂದ ಗೇಟು ನಡೆಯುತ್ತಿದ್ದುದು ಹೀಗೆ.

ನಡೆಯುತ್ತಿತ್ತು ಎಂದರೆ, ಅವಳು ಅಲ್ಲಿಂದ ಅಲ್ಲಾಡುವಂತಿರಲಿಲ್ಲ. ದಿನಕ್ಕೆ ಹನ್ನೊಂದು ರೈಲು. ಸ್ನಾನ, ಅಡುಗೆ, ನಿದ್ದೆ ಎಲ್ಲ ಎರಡು ರೈಲಿನ ನಡುವೆ. ಎರಡೇ ಸ್ಟೇಷನ್ ಆಚೆ ತಾಯಿ ತೀರಿಕೊಂಡಾಗ ಅವಳು ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದಳು. ಅಕ್ಕ ಅಂದಿನಿಂದ ಮಾತು ಬಿಟ್ಟಿದ್ದಳು. ಕಾರಣ ಹೇಳಿದ್ದರೆ ಅಕ್ಕ ಖಂಡಿತ ಕ್ಷಮಿಸುತ್ತಿದ್ದಳು, ಆದರೆ ಅಕ್ಕನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಇನ್ನೊಂದನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಅವಳು ಬಾವಿಯ ಹತ್ತಿರ ಇದ್ದಾಗ, ರೈಲು ದಾಟಿತೆಂದು ಅವನು ಗೇಟು ಎತ್ತಿದ. ರೈಲಿನ ಸದ್ದಿನ ಮರೆಯಲ್ಲೇ ಒಂಟಿ ಎಂಜಿನ್ ಒಂದು ಪಕ್ಕದ ಕಂಬಿಯ ಮೇಲೆ ಎದುರು ಕಡೆಯಿಂದ ಬರುತ್ತಿತ್ತು. ಹಾಲಿನ ಗಾಡಿಯವಳು ಕಂಬಿಯ ಮೇಲಿದ್ದಳು. ಗೇಣಿನಷ್ಟರಲ್ಲಿ ತಪ್ಪಿತು. ಹಾಲಿನವಳು ಎಂಜಿನ್ ಡ್ರೈವರನ ಏಳು ತಲೆಮಾರಿಗೆ ಬಯ್ದು ಹೋದಳು, ಗೇಟಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದು ಗಂಡ ಹೆಂಡತಿ ಇಬ್ಬರೂ ಊಟ ಮಾಡಲಿಲ್ಲ. ಅಂದಿನಿಂದ ಅವಳು ಕೊಡ ತುಂಬುವಾಗಲೂ ಬೆನ್ನು ಬಾವಿಗೆ ಕೊಟ್ಟು, ಮುಖ ಗೇಟಿನ ಕಡೆಗೆ ಇಟ್ಟುಕೊಂಡೇ ಹಗ್ಗ ಎಳೆಯುತ್ತಿದ್ದಳು.

ಇಂಥ ಮನೆಯ ಗೋಡೆಯನ್ನು ರೈಲ್ವೆಯ ಇಬ್ಬರು ಆಳುಗಳು ಮಧ್ಯಾಹ್ನದೊಳಗೆ ಕೆಡವಿ ಹಾಕಿದರು.

ಗೋಡೆ ಹೋದದ್ದೇ ಗೇಟಪ್ಪನ ಲೆಕ್ಕವೆಲ್ಲ ತಪ್ಪಿತು. ಬಾಗಿಲಿಂದ ನಾಲ್ಕು ಹೆಜ್ಜೆ, ಬಲಕ್ಕೆ ಗೋಡೆ, ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಲಾಟೀನು: ಇದು ಅವನ ದಾರಿ. ಮೊದಲನೆಯ ದಿನವೇ ಅವನು ಲಾಟೀನು ತೂಗುಹಾಕಲು ಹೋಗಿ ಗಾಳಿಯಲ್ಲಿ ಕೈಯಾಡಿಸಿದ. ಅವಳು ಓಡಿಬಂದು ಲಾಟೀನು ಕಿತ್ತುಕೊಂಡು, "ನಿಮ್ಗೆ ಯಾವಾಗ್ಲೂ ಅವಸರ, ಎಣ್ಣೆ ಹಾಕಿಲ್ಲ ಇನ್ನೂ," ಎಂದು ಗದರಿದಳು. ಪೆಟ್ಟಿಗೆಯ ಹಿಡಿಕೆ ತಿರುಗಿಸಿ ಚಿತ್ರ ತೆಗೆಯುವ ಮುದುಕ, ಅದನ್ನು ಕೂರಿಸಿದ ಮೂರು ಕಾಲಿನ ಮರದ ಸ್ಟ್ಯಾಂಡಿನ ಪಕ್ಕದಲ್ಲಿ ನಿಂತು ಇದನ್ನೇ ನೋಡುತ್ತಿದ್ದ. ಯಜಮಾನರ ಜೊತೆ ಬಂದಿದ್ದವನು ಅವನೊಬ್ಬನೇ. ಮಾತು ಕಡಿಮೆ. ಗೇಟಮ್ಮ ಅವನನ್ನು ಹಿಡಿಕೆ ತಾತ ಎಂದು ಕರೆಯುತ್ತಿದ್ದಳು.

ಆರು ದಿನ ಅವರು ಬೀದಿಯಲ್ಲಿ ಬದುಕಿದಂತೆ ಬದುಕಿದರು. ಅವನು ಬೆಳಗಿನ ಜಾವ ಏಳುವ ದೃಶ್ಯವನ್ನು ಸುಡುವ ಮಧ್ಯಾಹ್ನದಲ್ಲಿ ಎಂಟು ಸಲ ತೆಗೆದರು. ಮಲಗು ಎಂದರೆ ಮಲಗಬೇಕು, ಏಳು ಎಂದರೆ ಮೈಮುರಿದು ಏಳಬೇಕು. "ಇಪ್ಪತ್ತೆರಡು ವರ್ಷದಿಂದ ನಾನು ತಪ್ಪಾಗಿ ಏಳ್ತಾ ಇದ್ದೆ ಕಣೇ," ಎಂದು ಗೇಟಪ್ಪ ಹೆಂಡತಿಗೆ ಹೇಳಿದ. "ಈಗ ಕಲಿಸಿಕೊಡೋಕೆ ಗುರುಗಳು ಬಂದ್ರು." ಅವನಿಗೆ ಇದೆಲ್ಲ ಒಳಗೊಳಗೇ ಇಷ್ಟವಾಗಿತ್ತು. ಯಾರೋ ತನ್ನನ್ನು ದಿನವಿಡೀ ನೋಡುತ್ತಿದ್ದಾರೆ ಎಂಬುದು ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಅದನ್ನು ಕಂಡರೆ ಅವಳಿಗೆ ಸಂತೋಷ, ಮರುಗಳಿಗೆಯೇ ಹೆದರಿಕೆ.

ಅವಳನ್ನು ಮಾತ್ರ ಚಿತ್ರದಲ್ಲಿ ಸೇರಿಸುವಂತಿರಲಿಲ್ಲ. "ಅಮ್ಮ, ನೀವು ಮತ್ತೆ ಒಳಗೆ ಬಂದ್ರಿ," ಎಂದು ಯಜಮಾನರು ಕೈ ಎತ್ತುವರು. "ಗೇಟಪ್ಪ ಒಬ್ಬರೇ ಇರಬೇಕು. ಒಂಟಿ ಮನುಷ್ಯ, ಒಂಟಿ ಗೇಟು, ಹಗಲೂ ರಾತ್ರಿ ಎಚ್ಚರ. ನೋಡೋರಿಗೆ ಎದೆಗೆ ನಾಟಬೇಕು."

"ಎಚ್ಚರ ಇರೋದು ನಾವಿಬ್ರೂ ಸ್ವಾಮಿ," ಎಂದಳು ಅವಳು ಒಂದು ಸಲ, ತಡೆಯಲಾರದೆ.

"ಅದು ನಿಜಾನೇ. ಆದರೆ ಇಬ್ಬರಿದ್ದರೆ ಅದು ಸಂಸಾರ ಆಗಿಬಿಡುತ್ತೆ," ಎಂದರು ಅವರು ನಯವಾಗಿ.

ಬೆಳಗಿನ ಪ್ಯಾಸೆಂಜರ್ ದಾಟುವ ದೃಶ್ಯವನ್ನು ದೂರದಿಂದ ತೆಗೆದಾಗ ಅವಳಿಗೆ ಬೇರೆ ದಾರಿ ಇರಲಿಲ್ಲ. ನಿಜವಾದ ರೈಲು, ನಿಜವಾದ ಗೇಟು. ಅವಳು ಗಂಡನ ಬೆನ್ನಿನ ಮರೆಯಲ್ಲಿ ಕುಗ್ಗಿ ನಿಂತು ಬಲ ಭುಜ ಮುಟ್ಟಿದಳು. ಅವನ ಬಲಗೈ ಎದ್ದಿತು, ಹಸಿರು ಬಾವುಟ ಬಿಚ್ಚಿಕೊಂಡಿತು, ರೈಲು ಹೋಯಿತು. ಯಜಮಾನರು ದೂರದಿಂದ ಚಪ್ಪಾಳೆ ತಟ್ಟಿದರು. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ರೈಲು ಇರಲಿಲ್ಲ. ಯಜಮಾನರಿಗೆ ರೈಲು ಬೇಕಾಗಿಯೂ ಇರಲಿಲ್ಲ. ಗೇಟಪ್ಪನ ಮುಖವನ್ನು ಹತ್ತಿರದಿಂದ ತೆಗೆದು, ಆಮೇಲೆ ರೈಲಿನ ಚಿತ್ರಕ್ಕೆ ಅಂಟಿಸುತ್ತಾರಂತೆ. ಎರಡೂ ಬಾವುಟ ಕೈಗೆ ಕೊಟ್ಟು ಎದುರು ಬಿಸಿಲಲ್ಲಿ ಅವನನ್ನು ನಿಲ್ಲಿಸಿದರು. ಅಂದು ಇನ್‌ಸ್ಪೆಕ್ಟರೂ ನೋಡಲು ಬಂದು ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೇಟಮ್ಮನನ್ನು ಪೆಟ್ಟಿಗೆಯ ಹಿಂದೆ, ತಾತನ ಪಕ್ಕಕ್ಕೆ ಕಳಿಸಿದರು. ಗಂಡನಿಗೂ ಅವಳಿಗೂ ನಡುವೆ ಹತ್ತು ಹೆಜ್ಜೆ.

"ರೈಲು ಬರ್ತಾ ಇದೆ ಅಂದ್ಕೊಳ್ಳಿ ಗೇಟಪ್ಪ. ಹಾಂ, ತಲೆ ಮೇಲೆ. ಈಗ ಬಾವುಟ!"

ಗೇಟಪ್ಪ ಬಲಗೈ ಎತ್ತಿದ.

"ಬೇಡ, ಬೇಡ. ಬಲಗೈ ಬೇಡ, ಮುಖ ಮುಚ್ಚಿಹೋಗ್ತಾ ಇದೆ. ಎಡಗೈ ಎತ್ತಿ. ಎಡಗೈ!"

ಅವನು ಒಂದು ಕ್ಷಣ ತಡೆದ. ಕಣ್ಣಿರುವವನು ಆ ಒಂದು ಕ್ಷಣದಲ್ಲಿ ಕೈಯಲ್ಲಿರುವುದನ್ನು ನೋಡಿಕೊಂಡು ಬದಲಿಸಿಕೊಳ್ಳುತ್ತಾನೆ. ಕೈಯಲ್ಲಿರುವುದು ಯಾವುದೆಂದು ಕೇಳುವಂತೆಯೂ ಇಲ್ಲದ ಇವನು ಯಜಮಾನರ ದನಿ ಬಂದ ಕಡೆಗೆ ಮುಖ ಎತ್ತಿ, ಹೇಳಿದ ಕೈಯನ್ನು ಎತ್ತಿದ. ಕೆಂಪು ಬಾವುಟ ಗಾಳಿಗೆ ಬಿಚ್ಚಿಕೊಂಡಿತು.

ಹಿಡಿಕೆ ತಿರುಗುತ್ತಲೇ ಇತ್ತು. ಗೇಟಮ್ಮನ ಬಾಯಿಯವರೆಗೂ ಮಾತು ಬಂತು. ಅದು ಕೆಂಪು ಎಂದು ಕೂಗಿದರೆ, ಅಷ್ಟು ಕಣ್ಣೆದುರಿನ ಕೆಂಪು ಅವನಿಗೆ ಯಾಕೆ ಕಾಣಲಿಲ್ಲ ಎಂದು ಮರದ ನೆರಳಿನ ಕುರ್ಚಿ ಕೇಳುತ್ತದೆ. ಅವಳು ಕೂಗದೆ ಕುರ್ಚಿಯ ಕಡೆ ನೋಡಿದಳು. ಪುಣ್ಯಕ್ಕೆ ಇನ್‌ಸ್ಪೆಕ್ಟರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಯಜಮಾನರು ಬಾವುಟವನ್ನು ನೋಡುತ್ತಲೇ ಇರಲಿಲ್ಲ, ಅವರ ಕಣ್ಣೆಲ್ಲ ಗೇಟಪ್ಪನ ಮುಖದ ಮೇಲೆ. "ಏನು ಮುಖ, ಏನು ಮುಖ," ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಸಾಮಾನು ಕಟ್ಟುವಾಗ ಹಿಡಿಕೆ ತಾತ ನೀರು ಕೇಳುವ ನೆಪದಲ್ಲಿ ಬಾವಿಯ ಹತ್ತಿರ ಬಂದ.

"ಮೂವತ್ತು ವರ್ಷದಿಂದ ಜನರ ಮುಖ ತೆಗೀತಾ ಇದೀನಮ್ಮ," ಎಂದ. "ಎದುರು ಬಿಸಿಲಲ್ಲಿ ನಿಲ್ಲಿಸಿದ್ರೆ ಎಲ್ಲರೂ ಕಣ್ಣು ಕಿರಿದು ಮಾಡ್ತಾರೆ. ದೊಡ್ಡ ದೊಡ್ಡೋರೂ ಮಾಡ್ತಾರೆ. ನಿನ್ನ ಗಂಡ ಮಾಡಲಿಲ್ಲ."

ಅವಳು ಚೆಂಬನ್ನು ಅವನ ಕೈಗೆ ಕೊಟ್ಟು ಗೇಟಿನ ಕಡೆ ನೋಡಿದಳು. "ಯಾರಿಗೂ ಹೇಳಬೇಡ ತಾತ. ನಿನ್ನ ಕಾಲಿಗೆ ಬೀಳ್ತೀನಿ."

"ನಾನು ಹೇಳೋನಲ್ಲ. ಆದರೆ ಫಿಲ್ಮು ಹೇಳುತ್ತೆ."

"ಅದರಲ್ಲಿ ಬಣ್ಣ ಇಲ್ವಲ್ಲ? ಎಲ್ಲಾ ಕಪ್ಪು ಬಿಳುಪು ಅಂತ ಯಜಮಾನರು ಹೇಳಿದ್ರು."

ತಾತ ನೀರು ಕುಡಿದು ಚೆಂಬು ಕೆಳಗಿಟ್ಟ. "ನಮ್ಮ ಫಿಲ್ಮಿಗೆ ಕೆಂಪು ಕಾಣಲ್ಲ. ಕೆಂಪು ಅಂದ್ರೆ ಅದಕ್ಕೆ ಬರೀ ಕತ್ತಲೆ. ಹಸಿರು ಹಾಗಲ್ಲ, ಬೆಳ್ಳಗೆ ಮಾಸಲಾಗಿ ಬೀಳುತ್ತೆ. ಬೆಳಗಿನ ರೈಲಿಗೆ ತೋರಿಸಿದ ಬಾವುಟ ಬೆಳ್ಳಗೆ ಬರುತ್ತೆ, ಇವತ್ತಿಂದು ಇದ್ದಿಲಿನ ಹಾಗೆ ಕರ್ರಗೆ. ಎರಡನ್ನೂ ಪಕ್ಕಪಕ್ಕ ಅಂಟಿಸ್ತಾರೆ. ಬೇರೆಯವರಿಗೆ ಗೊತ್ತಾಗದೆ ಇರಬಹುದು. ಬಾವುಟ ನೋಡೇ ಅನ್ನ ತಿನ್ನೋರಿಗೆ ಗೊತ್ತಾಗದೆ ಇರುತ್ತಾ?"

"ನೀನೇ ಕತ್ತರಿಸಿ ಬಿಸಾಕು ತಾತ."

"ನಾನು ಹಿಡಿಕೆ ತಿರುಗಿಸೋನು. ಕತ್ತರಿ ಅವರ ಕೈಲಿದೆ," ಎಂದು ತಾತ ತಲೆ ತಗ್ಗಿಸಿದ.

ಅವಳು ನೇರವಾಗಿ ಯಜಮಾನರ ಬಳಿಗೇ ಹೋದಳು. ಅವರು ಕೆಡವಿದ ಗೋಡೆಯ ಕಲ್ಲಿನ ಮೇಲೆ ಕೂತು ಏನೋ ಬರೆದುಕೊಳ್ಳುತ್ತಿದ್ದರು. ಕಾರಣ ಹೇಳದೆ ಕೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. "ಈಗ ತೆಗೆದದ್ದು ಬೇಡ ಸ್ವಾಮಿ. ಇನ್ನೊಂದ್ಸಲ ತೆಗೀರಿ. ಅವರು ಚೆನ್ನಾಗಿ ನಿಂತ್ಕೊಳ್ಳಲಿಲ್ಲ."

"ಚೆನ್ನಾಗಿ ನಿಲ್ಲಲಿಲ್ವಾ? ಅಮ್ಮ, ನಾನು ಈ ಕೆಲಸಕ್ಕೆ ಬಂದಾಗಿಂದ ಅಂಥ ಮುಖ ಸಿಕ್ಕಿರಲಿಲ್ಲ. ಮತ್ತೆ ಮಾಡಿಸಿದ್ರೆ ಅದು ನಾಟಕ ಆಗುತ್ತೆ. ನನಗೆ ನಿಜ ಬೇಕು."

ಎಂಟು ಸಲ ನಿದ್ದೆಯಿಂದ ಎಬ್ಬಿಸಿದ ಮನುಷ್ಯ ಆಡಿದ ಮಾತು ಇದು. ಅವಳಿಗೆ ನಗುವೂ ಬರಲಿಲ್ಲ. "ಅದು ಕೆಂಪು ಬಾವುಟ ಸ್ವಾಮಿ," ಎಂದುಬಿಟ್ಟಳು.

ಯಜಮಾನರ ಪೆನ್ಸಿಲು ನಿಂತಿತು. ಅವರು ಗೇಟಿನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಗೇಟಪ್ಪ ಚಕ್ರದ ಹಿಡಿಯನ್ನು ಬಟ್ಟೆಯಿಂದ ಒರೆಸುತ್ತ, ಎತ್ತಲೋ ಮುಖ ಮಾಡಿ ಏನೋ ಗುನುಗುತ್ತಿದ್ದ. ಅವರಿಗೆ ಅರ್ಥವಾಯಿತೆಂದು ಅವಳಿಗೆ ಅನಿಸಿತು. ಇನ್ನೇನು ಕೇಳುತ್ತಾರೆ, ಕೇಳಿದರೆ ಎಲ್ಲ ಹೇಳಿಬಿಡುತ್ತೇನೆ ಎಂದೂ ಅನಿಸಿತು. ಅವರು ಕೇಳಲಿಲ್ಲ. ಪುಸ್ತಕ ಮುಚ್ಚಿ ಎದ್ದು, "ನೋಡೋಣಮ್ಮ," ಎಂದರು.

ದೊಡ್ಡವರು ನೋಡೋಣ ಎಂದರೆ ಏನರ್ಥವೆಂದು ಇಪ್ಪತ್ತೆರಡು ವರ್ಷ ರೈಲ್ವೆಯ ಅನ್ನ ತಿಂದವಳಿಗೆ ಗೊತ್ತಿತ್ತು.

ಒಂದು ತಿಂಗಳು ಗೋಡೆಯ ಜಾಗದಲ್ಲಿ ಗೋಣಿಚೀಲ ತೂಗಾಡಿತು. ಆಮೇಲೆ ಯಾರೋ ಬಂದು ಗೋಡೆ ಕಟ್ಟಿದರು, ಮೊದಲಿದ್ದ ಕಡೆಯಿಂದ ಒಂದು ಗೇಣು ಒಳಕ್ಕೆ. ಗೇಟಪ್ಪನ ಲಾಟೀನು ದಿನಾ ಗೋಡೆಗೆ ಬಡಿಯುತ್ತಿತ್ತು. ಹಳೆಯ ಗೋಡೆಗಾಗಿ ಅವನು ನಿಜವಾಗಿಯೂ ದುಃಖಪಟ್ಟ. ಬಾವುಟದ ಸುದ್ದಿ ಅವಳು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆದರೆ ಗುನುಗುವುದನ್ನು ಬಿಟ್ಟಿದ್ದ.

ಐದನೆಯ ತಿಂಗಳು ಕಾಗದ ಬಂತು. ಜಂಕ್ಷನ್ನಿನ ನೌಕರರ ಸಭಾಂಗಣದಲ್ಲಿ ಚಿತ್ರದ ಮೊದಲ ಪ್ರದರ್ಶನ. ವಿಭಾಗದ ದೊಡ್ಡ ಅಧಿಕಾರಿ ಬರುತ್ತಾರೆ. ಗೇಟಿನವನು ಹೆಂಡತಿಯೊಡನೆ ಹಾಜರಿರತಕ್ಕದ್ದು. ಅವನಿಗೆ ಒಂದು ಜೇಬುಗಡಿಯಾರ ಬಹುಮಾನ. ಕಾಗದ ಓದಿದ ಸ್ಟೇಷನ್ ಗುಮಾಸ್ತ ಗೇಟಪ್ಪನ ಬೆನ್ನು ತಟ್ಟಿ ಹೋದ. "ಗಡಿಯಾರ ಅಂತೆ," ಎಂದ ಗೇಟಪ್ಪ. "ಟಿಕ್ ಟಿಕ್ ಆದ್ರೂ ಕೇಳಿಸುತ್ತೆ ಬಿಡು." ಅವಳು ನಗಲು ನೋಡಿದಳು, ಆಗಲಿಲ್ಲ.

ಆ ದಿನ ಗೇಟಿಗೆ ಬದಲಿಯವನೊಬ್ಬ ಬಂದ. ನಾಲ್ಕು ವರ್ಷದ ಮೇಲೆ ಮೊದಲ ಬಾರಿ ಅವಳು ರೈಲು ಹತ್ತಿದಳು. ಎರಡನೆಯ ಸ್ಟೇಷನ್ ತಾಯಿಯದು. ಅರ್ಧ ನಿಮಿಷ ನಿಂತು ರೈಲು ಮುಂದಕ್ಕೆ ಹೊರಟಿತು. ಅವಳು ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಅಳಬೇಡ ಕಣೇ," ಎಂದ ಗಂಡ. ಅವಳು ಸದ್ದು ಮಾಡಿರಲಿಲ್ಲ, ಆದರೂ ಅವನಿಗೆ ಹೇಗೋ ತಿಳಿದಿತ್ತು.

ಸಭಾಂಗಣದ ಕಿಟಕಿಗಳಿಗೆಲ್ಲ ಕರಿ ಕಂಬಳಿ ಹೊಡೆದಿದ್ದರು. ಹೊರಗೆ ಮೂರು ಗಂಟೆಯ ಬಿಸಿಲು, ಒಳಗೆ ಕತ್ತಲೆ, ಬೆವರಿನ ವಾಸನೆ. ಅವರನ್ನು ಎರಡನೆಯ ಸಾಲಿನ ನಡುವೆ ಕೂರಿಸಿದರು. ಎರಡೂ ಕಡೆಗೆ ಹತ್ತು ಹತ್ತು ಜನ. ಎದ್ದು ಹೋಗಬೇಕೆಂದರೂ ಹತ್ತು ಜೊತೆ ಮೊಣಕಾಲು ದಾಟಬೇಕು. ಸರಿಯಾಗಿ ಮುಂದೆ ದೊಡ್ಡ ಅಧಿಕಾರಿಯ ಕುರ್ಚಿ, ಅದರ ಪಕ್ಕಕ್ಕೆ ಇನ್‌ಸ್ಪೆಕ್ಟರು, ಆಮೇಲೆ ಚಿತ್ರದ ಯಜಮಾನರು. ಯಜಮಾನರು ಒಮ್ಮೆ ತಿರುಗಿ ಅವಳನ್ನು ನೋಡಿದರು, ತಕ್ಷಣ ಮುಂದಕ್ಕೆ ತಿರುಗಿದರು. ಅವಳಿಗೆ ಅಷ್ಟರಲ್ಲೇ ಗೊತ್ತಾಯಿತು. ಕತ್ತರಿ ಆಡಿರಲಿಲ್ಲ.

ಹಿಂದೆ ಯಂತ್ರ ಟಕಟಕ ಎನ್ನತೊಡಗಿತು. ಪರದೆಯ ಮೇಲೆ ಅಕ್ಷರ ಬಂದಾಗ ಗುಮಾಸ್ತನೊಬ್ಬ ಗಟ್ಟಿಯಾಗಿ ಓದಿದ: "ಹಗಲೂ ರಾತ್ರಿ, ಒಬ್ಬನೇ, ಎಚ್ಚರ!"

"ಶುರುವಾಯ್ತಾ?" ಎಂದು ಗಂಡ ಅವಳ ಕಿವಿಯಲ್ಲಿ ಕೇಳಿದ. "ಏನು ಕಾಣ್ತಾ ಇದೆ ಹೇಳು."

ಅವಳು ಪಿಸುಗುಟ್ಟಿ ಹೇಳುತ್ತ ಹೋದಳು. ನೀವು ಏಳ್ತಾ ಇದೀರಿ. ಲಾಟೀನು ಒರೆಸ್ತಾ ಇದೀರಿ. ನಿಮ್ಮ ಮುಖ ನಮ್ಮನೆ ಬಾಗಿಲಿನಷ್ಟು ದೊಡ್ಡದಾಗಿದೆ. "ಕ್ಷೌರ ಸರಿಯಾಗಿ ಆಗಿದೆಯಾ?" ಎಂದು ಅವನು ಕೇಳಿದ. ಆಗಿದೆ ಎಂದಳು. ಬೆಳಗಿನ ಪ್ಯಾಸೆಂಜರ್ ಬಂತು. ದೂರದಲ್ಲಿ ಅವನು ಬಲಗೈ ಎತ್ತಿದ, ಬಾವುಟ ಬೆಳ್ಳಗೆ ಆಡಿತು. ಅವನಿಗೆ ನಾಲ್ಕು ಕಾಲಿದ್ದವು. ಬೆನ್ನ ಹಿಂದೆ ಕುಗ್ಗಿ ನಿಂತವಳ ಎರಡು ಪಾದ ಅವನ ಪಾದಗಳ ನಡುವೆ ಕಾಣುತ್ತಿದ್ದವು. ಇಡೀ ಚಿತ್ರದಲ್ಲಿ ಅವಳು ಇದ್ದದ್ದು ಅಷ್ಟೇ. ನಾಲ್ಕು ವರ್ಷ ನಿದ್ದೆ ಬಿಟ್ಟವಳು, ತಾಯಿಯ ಮುಖ ನೋಡದವಳು, ಒಂದು ಜೊತೆ ಪಾದವಾಗಿ ಉಳಿದಿದ್ದಳು.

ಆಮೇಲೆ ಮುಖ ಬಂತು. ಬಿಸಿಲಿಗೆ ಎತ್ತಿದ ಮುಖ, ರೆಪ್ಪೆ ಬಡಿಯದ ಕಣ್ಣು. ಅಷ್ಟು ಚೆಂದದ ಮುಖವನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ. ಯಜಮಾನರು ಅದನ್ನು ಬಿಡಲಾರದೆ ಉಳಿಸಿಕೊಂಡದ್ದೇಕೆಂದು ಅವಳಿಗೂ ತಿಳಿಯಿತು, ತಿಳಿದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಎಡಗೈ ಎದ್ದಿತು. ಇದ್ದಿಲಿನಂಥ ಬಾವುಟ ಪರದೆಯ ಅರ್ಧಕ್ಕೆ ಹರಡಿತು. ಕೂಡಲೇ ರೈಲು ಧಡಧಡ ಮುಂದಕ್ಕೆ ಓಡಿತು.

ಹಿಂದಿನ ಸಾಲಿನಲ್ಲಿದ್ದ, ಕಂಬಿ ರಿಪೇರಿ ಮಾಡುವ ಗ್ಯಾಂಗಿನವರಲ್ಲಿ ಯಾರೋ ಕೂಗಿದ: "ಅಯ್ಯೋ, ಕೆಂಪು ತೋರಿಸಿದ್ರೂ ನಿಲ್ಲಲಿಲ್ಲ ನೋಡ್ರೋ! ಡ್ರೈವರ್ ಮಾವನ ಮನೆಗೆ ಹೊರಟವನೇ!" ಹಾಲ್ ತುಂಬ ನಗು ಎದ್ದಿತು.

ಮುಂದಿನ ಕುರ್ಚಿಯ ತಲೆ ಅಲುಗಲಿಲ್ಲ. ನಗು ಅಡಗಿದ ಮೇಲೆ ದೊಡ್ಡ ಅಧಿಕಾರಿಯ ದನಿ ಕೇಳಿಸಿತು. "ಆ ಬಾವುಟ ಯಾವುದು?"

"ಚಿತ್ರದಲ್ಲಿ ಬಣ್ಣ ಸರಿಯಾಗಿ ಬರಲ್ಲ ಸಾರ್," ಎಂದರು ಯಜಮಾನರು. "ಬೆಳಕಿನ ದೋಷ."

"ಮೊದಲನೇದು ಬೆಳ್ಳಗಿತ್ತಲ್ಲ? ಅಲ್ಲಿಂದ ಇನ್ನೊಂದು ಸಲ ಹಾಕಿಸಿ."

ಸುರುಳಿಯನ್ನು ಹಿಂದಕ್ಕೆ ಸುತ್ತುವ ಸದ್ದು ಶುರುವಾಯಿತು. ಯಂತ್ರದ ಬಳಿ ನಿಂತು ಸುತ್ತುತ್ತಿದ್ದವನು ಹಿಡಿಕೆ ತಾತ. ಅವನ ಕೆಮ್ಮು ಅವಳಿಗೆ ಗುರುತು ಸಿಕ್ಕಿತು. ಅವನು ಎಷ್ಟು ನಿಧಾನವಾಗಿ ಸುತ್ತಬಹುದೋ ಅಷ್ಟು ನಿಧಾನವಾಗಿ ಸುತ್ತುತ್ತಿದ್ದ. ಕತ್ತಲೆಯಲ್ಲಿ ಯಾರೂ ಏಳಲಿಲ್ಲ. ಗೇಟಮ್ಮ ಎರಡೂ ಕಡೆಯ ಮೊಣಕಾಲುಗಳ ಸಾಲನ್ನು ನೋಡಿದಳು, ಬಾಗಿಲಿನ ಕಡೆ ನೋಡಿದಳು. ಬಾಗಿಲಿಗೂ ಕಂಬಳಿ ಹೊಡೆದಿತ್ತು.

ಮತ್ತೆ ನಾಲ್ಕು ಕಾಲಿನ ಮನುಷ್ಯ ಬಂದ, ಬಾವುಟ ಬೆಳ್ಳಗೆ ಆಡಿತು.

"ಲೇ," ಎಂದ ಗೇಟಪ್ಪ ಬಹಳ ಮೆಲ್ಲಗೆ. "ನಾನು ಅವತ್ತು ಎತ್ತಿದ್ದು ಎಡಗೈ ಅಲ್ವಾ? ಅವತ್ತಿಂದ ಅದೇ ಯೋಚನೆ. ಅವರು ಮೊದಲೇ ಬಾವುಟ ಬದಲಾಯಿಸಿ ಕೊಟ್ಟಿದ್ರೇನೋ, ನನ್ನ ಗಮನಕ್ಕೆ ಬರಲಿಲ್ವೇನೋ ಅಂದ್ಕೊಂಡಿದ್ದೆ. ಈಗ ನೋಡಿ ಹೇಳು. ಯಾವುದು ಅದು?"

ಪರದೆ ತುಂಬ ಅವನ ಮುಖ. ಪಕ್ಕದಲ್ಲಿ ಅವನ ಮುಖ. ಹಸಿರು ಎಂದುಬಿಡಬಹುದಿತ್ತು, ಬಾಯಿಯಿಂದ ಅವಳು ಅವನಿಗಾಗಿ ಎಷ್ಟೋ ಸುಳ್ಳು ಹೇಳಿದ್ದಳು. ಅಕ್ಕನಿಗೆ, ಇನ್‌ಸ್ಪೆಕ್ಟರಿಗೆ, ಹಾಲಿನವಳಿಗೆ. ಆದರೆ ಕಂಬಿಯ ಪಕ್ಕದಲ್ಲಿ ಅವನ ಹಿಂದೆ ನಿಂತ ಕೈ ಇವತ್ತಿನವರೆಗೂ ಒಂದು ಸಲವೂ ಸುಳ್ಳಾಡಿರಲಿಲ್ಲ. ಕರಿ ಬಾವುಟ ಹರಡಿತು. ಅವಳು ಕೈ ಎತ್ತಿ ಅವನ ಎಡ ಭುಜ ಮುಟ್ಟಿದಳು.

ಅವನ ಭುಜ ಒಂದಿಷ್ಟು ಕೆಳಗಿಳಿಯಿತು, ಬಹಳ ದೂರದಿಂದ ಹೊತ್ತು ತಂದದ್ದನ್ನು ಇಳಿಸಿದಾಗ ಇಳಿಯುವಷ್ಟು.

"ಸಾಕು," ಎಂದರು ದೊಡ್ಡ ಅಧಿಕಾರಿ. "ಬೆಳಕು ಬಿಡಿ."

ಜವಾನರು ಓಡಿಹೋಗಿ ಕಿಟಕಿಗಳ ಕಂಬಳಿಗಳನ್ನು ಒಂದೇ ಸಲಕ್ಕೆ ಎಳೆದು ಹಾಕಿದರು. ಇಳಿಬಿಸಿಲು ನೇರವಾಗಿ ಒಳಕ್ಕೆ ನುಗ್ಗಿತು. ಸಾಲುಸಾಲು ಜನ ಕಣ್ಣು ಮುಚ್ಚಿದರು, ಕೈ ಅಡ್ಡ ಹಿಡಿದರು, ಮುಖ ತಿರುಗಿಸಿದರು. ಅಭ್ಯಾಸಬಲದಿಂದ ಗೇಟಮ್ಮನ ಬೆರಳು ಗಂಡನ ಮೊಣಕೈ ಜಿಗುಟಿತು. ಅವನು ಕೈ ಎತ್ತಲಿಲ್ಲ. ಅವಳು ಇನ್ನೊಮ್ಮೆ ಜಿಗುಟಿದಳು. ಅವನು ಆ ಬೆರಳುಗಳನ್ನು ಹಿಡಿದುಕೊಂಡು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡ, ಇನ್ನು ಬಿಡಲಿಲ್ಲ.

ದೊಡ್ಡ ಅಧಿಕಾರಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಬಿಸಿಲು ತಡೆಯಲಾರದೆ ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಎದುರಿಗೆ ಗೇಟಪ್ಪ ಹೆಂಡತಿಯ ಕೈ ಹಿಡಿದು, ತಲೆ ಎತ್ತಿ, ಕಣ್ಣು ಪೂರ್ತಿ ತೆರೆದುಕೊಂಡು ಬಿಸಿಲಿನಲ್ಲಿ ಕೂತಿದ್ದ.